ತಪ್ಪಿದ್ದು ಉತ್ತರವೋ, ಪ್ರಶ್ನೆಪತ್ರಿಕೆಯೋ?

ಪರೀಕ್ಷೆಯ ಫಲಿತಾಂಶ ಬಂದ ದಿನ ಕಡಿಮೆ ಅಂಕ ತಂದ ಮಗುವಿಗೆ ಮನೆಯಲ್ಲಿ ಮೊದಲು ಸಿಗುವ ಪ್ರಶ್ನೆ “ಯಾಕೆ ಓದಲಿಲ್ಲ?” ಎಂಬುದು. ಓದದೆ ಇದ್ದುದೇ ಕಾರಣವಾಗಿರುವುದು ಹೆಚ್ಚು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಪರೂಪಕ್ಕೊಮ್ಮೆ ಪ್ರಶ್ನೆಪತ್ರಿಕೆಯಲ್ಲೇ ಅಚ್ಚಿನ ತಪ್ಪಾಗಿ, ಲೆಕ್ಕಕ್ಕೆ ಉತ್ತರವೇ ಇಲ್ಲದಂತಾಗಿ, ತರಗತಿಗೆ ತರಗತಿಯೇ ಒಂದೇ ಪ್ರಶ್ನೆಯಲ್ಲಿ ಎಡವುವುದೂ ಉಂಟು. ಕಂಪ್ಯೂಟರಿನ ತಂತ್ರಾಂಶಗಳಿಗೂ ಹೀಗೆಯೇ ಪರೀಕ್ಷೆಗಳಿವೆ, ಅವುಗಳಲ್ಲಿಯೂ ಉತ್ತೀರ್ಣ, ಅನುತ್ತೀರ್ಣ ಎಂಬುದಿದೆ ಎಂದರೆ ನಮ್ಮ ಹೆತ್ತವರಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಅಂಥದೊಂದು ಪರೀಕ್ಷೆಯಲ್ಲಿ ತಂತ್ರಾಂಶವೊಂದು ಸೋತರೆ ಕಾರಣವನ್ನು ಹುಡುಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸುತ್ತೇವೆ.

ಮೊದಲು ‘ಸೋರ್ಸ್’ ಎಂದರೇನೆಂದು ನೋಡೋಣ. ಪೇಟೆಯಲ್ಲಿ ಸಿದ್ಧ ಅಂಗಿ ಸಿಗುತ್ತದೆ, ತೊಟ್ಟುಕೊಂಡರಾಯಿತು. ಬಟ್ಟೆ ಕೊಂಡು ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸುವುದು ಇನ್ನೊಂದು ದಾರಿ. ತಂತ್ರಾಂಶವೂ ಎರಡು ರೂಪದಲ್ಲಿ ದೊರೆಯುತ್ತದೆ. ಯಂತ್ರಕ್ಕೆ ಮಾತ್ರ ಅರ್ಥವಾಗುವ ಸಿದ್ಧರೂಪ ಒಂದು. ಮನುಷ್ಯರು ಓದಿ, ತಿದ್ದಿ, ಮತ್ತೆ ಬರೆಯಬಹುದಾದ ಮೂಲಬರಹ ಇನ್ನೊಂದು. ಈ ಮೂಲಬರಹವೇ ಸೋರ್ಸ್. ಅದನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ಅನುಮತಿ ಕೊಟ್ಟು ಬಿಟ್ಟಿರುವ ತಂತ್ರಾಂಶಗಳೇ ಓಪನ್‌ಸೋರ್ಸ್ ತಂತ್ರಾಂಶಗಳು. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯೂ ಸೇರಿ ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಈ ಬಗೆಯ ಲಿನಕ್ಸ್ ವ್ಯವಸ್ಥೆಯಲ್ಲಿಯೇ. ಬೇರೆ ಊರಿನ ನಮ್ಮ ಬಂಧುಗಳ ಮಕ್ಕಳಿಗಿಂತ ಈ ಒಂದು ವಿಷಯದಲ್ಲಿ ಕಾಸರಗೋಡಿನ ಮಕ್ಕಳು ಒಂದು ಹೆಜ್ಜೆ ಮುಂದಿದ್ದಾರೆಂದು ಹೇಳಿದರೆ ಹೆಮ್ಮೆಯ ಮಾತಾಯಿತೆಂದು ಯಾರೂ ತಿಳಿಯಬಾರದು.

ಮೂಲಬರಹದಿಂದ ತಂತ್ರಾಂಶವನ್ನು ಕಟ್ಟುವ ಕೆಲಸ ಸಾಮಾನ್ಯವಾಗಿ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲನೆಯದಾಗಿ ‘ಕಾನ್ಫಿಗರ್’ ಎಂಬ ಬರಹವು ನಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನೋಡಿಕೊಳ್ಳುತ್ತದೆ; ಇದು ದರ್ಜಿ ಅಳತೆ ತೆಗೆದಂತೆ. ಎರಡನೆಯದಾಗಿ ‘ಮೇಕ್’ ಎಂಬ ಆಜ್ಞೆಯು ಕಂಪೈಲರನ್ನು ಕರೆದು ಮೂಲಬರಹವನ್ನು ಯಂತ್ರದ ಭಾಷೆಗೆ ತಿರುಗಿಸುತ್ತದೆ. ಈ ಮೇಕ್ ಹೊಸದೇನಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರು 1976ರಲ್ಲಿ ಬರೆದದ್ದು. ಮೂರನೆಯದೇ ಪರೀಕ್ಷೆ. ‘ಮೇಕ್ ಟೆಸ್ಟ್’ ಅಥವಾ ‘ಮೇಕ್ ಚೆಕ್’ ಎಂದು ಕೊಟ್ಟರೆ, ಕಟ್ಟಿದ ತಂತ್ರಾಂಶಕ್ಕೆ ಅದರ ನಿರ್ಮಾಪಕರೇ ಬರೆದಿಟ್ಟ ನೂರಾರು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಲಾಗುತ್ತದೆ. ಈ ಎರಡನ್ನು ಕೂಡಿಸು, ಬರುವ ಉತ್ತರ ಇಂಥದಿರಬೇಕು, ಇಲ್ಲದ ಕಡತವನ್ನು ತೆರೆ, ‘ಇಲ್ಲ’ ಎಂದೇ ಹೇಳಬೇಕು, ಹೀಗೆ. ಸರಿಯಾದರೆ ‘ಪಾಸ್’, ತಪ್ಪಿದರೆ ‘ಫೇಲ್’, ಆ ಯಂತ್ರಕ್ಕೆ ಅನ್ವಯಿಸದಿದ್ದರೆ ‘ಸ್ಕಿಪ್’. ತಪ್ಪುತ್ತದೆಂದು ನಿರ್ಮಾಪಕರಿಗೆ ಮೊದಲೇ ಗೊತ್ತಿದ್ದು ಹಾಗೆ ಗುರುತು ಮಾಡಿಟ್ಟವು ‘ಎಕ್ಸ್‌ಫೇಲ್’. ಈ ಕೊನೆಯದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ, ಆಗಬೇಕಾದ್ದಿಲ್ಲ.

ಇಷ್ಟು ಪೀಠಿಕೆ ಸಾಕು. ನಿಜವಾಗಿ ನಡೆದ ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ.

ಬ್ಯಾಂಕಿನ ಜಾಲತಾಣವನ್ನು ತೆರೆಯುವಾಗ ವಿಳಾಸದ ಹತ್ತಿರ ಬೀಗದ ಚಿತ್ರವನ್ನೋ, ‘ಭದ್ರ’ ಎಂಬ ಸೂಚನೆಯನ್ನೋ ನೀವು ಕಂಡಿರಬಹುದು. ನಮ್ಮ ಗುಪ್ತಪದ ದಾರಿಯಲ್ಲಿ ಬೇರೆಯವರ ಕಣ್ಣಿಗೆ ಬೀಳದಂತೆ ಗೂಢಲಿಪಿಯಲ್ಲಿ ಸಾಗಿಸುವ ಕೆಲಸವನ್ನು ಮಾಡುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬುದು ಬಹಳ ಪ್ರಸಿದ್ಧ. ಅದು 1998ರ ಕೊನೆಗೆ ಆರಂಭವಾಯಿತು. ಜಗತ್ತಿನ ಅಸಂಖ್ಯ ಸರ್ವರುಗಳು ಅದನ್ನೇ ನಂಬಿ ನಡೆಯುತ್ತಿವೆ. 2022ರ ಮೇ 3ರಂದು ಅದರ ಎರಡು ಆವೃತ್ತಿಗಳು ಹೊರಬಂದವು: 1.1.1-ಓ ಮತ್ತು 3.0.3. ಹಿಂದಿನ ಆವೃತ್ತಿಯಲ್ಲಿದ್ದ ಒಂದು ಭದ್ರತಾದೋಷವನ್ನು ಸರಿಪಡಿಸಿಯೇ ಇವನ್ನು ಕೊಟ್ಟದ್ದು. ಆದ್ದರಿಂದ ಬೇಗ ಕಟ್ಟಿ ಬಳಕೆಗೆ ತರಬೇಕಾದ ಆವೃತ್ತಿಗಳಿವು. ಮೇ ತಿಂಗಳಿಡೀ ಮೂಲಬರಹದಿಂದ ಕಟ್ಟಿದವರಿಗೆಲ್ಲ ಪರೀಕ್ಷೆಗಳು ಪಾಸಾದವು.

ಜೂನ್ 1 ಬಂತು. ನಮ್ಮಲ್ಲಿ ಆ ದಿನ ಶಾಲೆ ತೆರೆದು ಪ್ರವೇಶೋತ್ಸವ ನಡೆಯುತ್ತಿತ್ತು. ಪುಟ್ಟ ಮಕ್ಕಳು ಹೊಸ ಚೀಲ, ಹೊಸ ಕೊಡೆ ಹಿಡಿದು ಬಂದಿದ್ದರು. ಅದೇ ದಿನ ಬೆಳಿಗ್ಗೆಯಿಂದ, ಜಗತ್ತಿನ ಯಾವ ಮೂಲೆಯಲ್ಲಿ ಯಾರು ಅದೇ ಮೂಲಬರಹವನ್ನು ಕಟ್ಟಿದರೂ ಒಂದು ಪರೀಕ್ಷೆ ಮಾತ್ರ ಫೇಲಾಗತೊಡಗಿತು. ಮೂಲಬರಹದಲ್ಲಿ ಒಂದಕ್ಷರ ಬದಲಾಗಿಲ್ಲ. ಯಂತ್ರ ಅದೇ, ಕಂಪೈಲರ್ ಅದೇ, ಕಟ್ಟುವವರೂ ಅವರೇ. ನಿನ್ನೆ ಉತ್ತೀರ್ಣನಾದವನು ಇಂದು ಅನುತ್ತೀರ್ಣ!

ಇಂಥ ಸಂದರ್ಭದಲ್ಲಿ ಏನು ಮಾಡಬೇಕು? ಪರದೆಯ ಮೇಲೆ ಕೊನೆಗೆ ನಿಲ್ಲುವ ಸಾಲು ಸಾಮಾನ್ಯವಾಗಿ ‘ಮೇಕ್: ಎರರ್ 1’ ಎಂಬಂತಿರುತ್ತದೆ. ಹೊಸಬರು ಆ ಸಾಲನ್ನೇ ಹಿಡಿದುಕೊಂಡು ಊರೆಲ್ಲ ವಿಚಾರಿಸುತ್ತಾರೆ. ಅದು ಬರಿಯ ಗಂಟೆಯ ಶಬ್ದ. ಎಲ್ಲಿಯೋ ತಪ್ಪಾಯಿತು ಎಂದು ಸಾರುವುದಷ್ಟೇ ಅದರ ಕೆಲಸ. ಕಾರಣ ಇರುವುದು ಮೇಲೆ, ಮೊದಲನೆಯ ಸೋಲು ಕಾಣಿಸಿದಲ್ಲಿ. ಅದಕ್ಕಾಗಿ ಪರದೆಗೆ ಬರುವ ಬರಹವನ್ನೆಲ್ಲ ಒಂದು ಕಡತಕ್ಕೆ ಇಳಿಸಿಕೊಂಡು ಮೇಲಿನಿಂದ ಓದಬೇಕು. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಅರ್ಧ ರೋಗ ತಿಳಿಯುವುದು ಈ ಓದಿನಲ್ಲಿಯೇ. ಓಪನ್‌ಎಸ್‌ಎಸ್‌ಎಲ್‌ನ ಪರೀಕ್ಷೆಗಳನ್ನು ‘ರೆಸಿಪಿ’ಗಳೆಂಬ ಹೆಸರಿನ ಕೋಶದಲ್ಲಿ, ಅಂದರೆ ಅಡುಗೆಯ ಪಾಕವಿಧಾನಗಳಂತೆ, ಅಂಕೆ ಹಾಕಿ ಇಟ್ಟಿರುತ್ತಾರೆ. 1.1.1ರ ಸಾಲಿನ ಆವೃತ್ತಿಗಳಲ್ಲಿ ಇಂಥವು ನೂರೈವತ್ತರ ಮೇಲಿವೆ. ಅವುಗಳಲ್ಲಿ 80ನೆಯ ಗುಂಪಿನ ‘ಟೆಸ್ಟ್ ಎಸ್‌ಎಸ್‌ಎಲ್ ನ್ಯೂ’ ಎಂಬುದರ ಎದುರು ಮಾತ್ರ ‘ಸಂಶಯಾಸ್ಪದ’ ಎಂಬರ್ಥದ ಷರಾ ಬಿದ್ದಿತ್ತು. ಆ ಪರೀಕ್ಷೆಯೊಳಗೂ ಮೂವತ್ತರಷ್ಟು ಉಪಪ್ರಶ್ನೆಗಳು. ಸೋತದ್ದು ಹನ್ನೆರಡನೆಯದು ಒಂದೇ.

ಮುಂದಿನ ಹೆಜ್ಜೆ, ಸೋತ ಪರೀಕ್ಷೆಯೊಂದನ್ನೇ ಪ್ರತ್ಯೇಕವಾಗಿ, ‘ಎಲ್ಲವನ್ನೂ ವಿವರವಾಗಿ ಹೇಳು’ ಎಂಬ ಸೂಚನೆಯೊಂದಿಗೆ ಮತ್ತೆ ನಡೆಸುವುದು. ಇದರಿಂದ ಎರಡು ಪ್ರಯೋಜನ. ಇಡೀ ಪರೀಕ್ಷೆ ಮುಗಿಯಲು ಹಳೆಯ ಯಂತ್ರದಲ್ಲಿ ಬಹಳ ಹೊತ್ತು ಬೇಕು. ಒಂದನ್ನೇ ನಡೆಸಿದರೆ ಕ್ಷಣದಲ್ಲಿ ಮುಗಿಯುತ್ತದೆ. ಎರಡನೆಯದಾಗಿ, ಪ್ರತಿಸಲವೂ ಸೋಲುತ್ತದೆಯೋ, ಒಮ್ಮೆ ಸೋತು ಒಮ್ಮೆ ಗೆಲ್ಲುತ್ತದೆಯೋ ಎಂಬುದು ತಿಳಿಯುತ್ತದೆ. ಒಮ್ಮೆ ಹೀಗೆ ಒಮ್ಮೆ ಹಾಗೆ ಆದರೆ ದೋಷ ಬೇರೆ ಜಾತಿಯದು: ಅನೇಕ ಕೆಲಸಗಳನ್ನು ಒಟ್ಟಿಗೆ ನಡೆಸಿದ್ದರಿಂದ ಯಂತ್ರ ದಣಿದಿರಬಹುದು, ಮೆಮೊರಿ ಸಾಲದೆ ಹೋಗಿರಬಹುದು. ಇಲ್ಲಿ ಹಾಗಲ್ಲ. ಹತ್ತು ಸಲ ನಡೆಸಿದರೆ ಹತ್ತು ಸಲವೂ ಸೋಲು.

ಆ ಉಪಪ್ರಶ್ನೆ ಯಾವುದರ ಬಗ್ಗೆ ಎಂಬುದನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಜಾಲತಾಣವೊಂದು ‘ನಾನು ಇಂಥವನು’ ಎಂದು ತೋರಿಸುವ ಗುರುತಿನ ಚೀಟಿಗೆ ಸರ್ಟಿಫಿಕೇಟ್ ಎನ್ನುತ್ತಾರೆ. ಅದನ್ನು ಕೊಡುವ ಅಧಿಕೃತ ಸಂಸ್ಥೆಗಳಿವೆ. 2011ರಲ್ಲಿ ನೆದರ್‌ಲ್ಯಾಂಡ್ಸಿನ ಡಿಜಿನೋಟಾರ್ ಎಂಬ ಅಂಥದೊಂದು ಸಂಸ್ಥೆಯ ಕಂಪ್ಯೂಟರುಗಳಿಗೆ ಕನ್ನ ಹಾಕಿದವರು ಗೂಗಲಿನದೇ ಮೊದಲಾದ ಹೆಸರಿನಲ್ಲಿ ಸುಳ್ಳು ಸರ್ಟಿಫಿಕೇಟುಗಳನ್ನು ಮಾಡಿಕೊಂಡರು. ಇಂಥ ಮೋಸ ಗುಟ್ಟಾಗಿ ಉಳಿಯದಂತೆ, ಕೊಟ್ಟ ಪ್ರತಿ ಸರ್ಟಿಫಿಕೇಟನ್ನೂ ಎಲ್ಲರೂ ನೋಡಬಹುದಾದ ದಫ್ತರದಲ್ಲಿ ದಾಖಲಿಸಿ, ದಾಖಲಾದ ಹೊತ್ತಿನ ಮುದ್ರೆಯನ್ನು ಪಡೆಯಬೇಕೆಂಬ ಏರ್ಪಾಡು ಬಂತು. ಜಾಗದ ನೋಂದಣಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವುದನ್ನು ನೆನೆದರೆ ಹೆತ್ತವರಿಗೆ ಇದು ಅರ್ಥವಾದೀತು. ಹನ್ನೆರಡನೆಯ ಉಪಪ್ರಶ್ನೆ ಈ ಏರ್ಪಾಡಿನ ಕುರಿತಾದದ್ದು. ಪರೀಕ್ಷೆಯ ಸಲುವಾಗಿ ಅದೇ ಯಂತ್ರದೊಳಗೆ ಒಬ್ಬ ‘ಅಂಗಡಿಯವ’ನನ್ನೂ ಒಬ್ಬ ‘ಗಿರಾಕಿ’ಯನ್ನೂ ಸೃಷ್ಟಿಸಿ, ಅಂಗಡಿಯವನ ಕೈಗೆ ಮುದ್ರೆ ಬಿದ್ದ ಒಂದು ಮಾದರಿ ಸರ್ಟಿಫಿಕೇಟನ್ನು ಕೊಟ್ಟು, ಗಿರಾಕಿ ಅದನ್ನು ಒಪ್ಪುತ್ತಾನೋ ಎಂದು ನೋಡುತ್ತಾರೆ. ಒಪ್ಪಬೇಕಿತ್ತು. ಜೂನ್ 1ರಿಂದ ಅವನು ಒಪ್ಪಲಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಿನ್ನೆಗೂ ಇಂದಿಗೂ ಬದಲಾದದ್ದು ಏನು? ಮೂಲಬರಹ ಬದಲಾಗಿಲ್ಲವೆಂದು ಬಾಯಲ್ಲಿ ಹೇಳಿದರೆ ಸಾಲದು. ಅದಕ್ಕೆ ‘ಚೆಕ್‌ಸಮ್’ ಎಂಬ ಉಪಾಯವಿದೆ. ಇಡೀ ಕಡತವನ್ನು ಒಂದು ಲೆಕ್ಕಕ್ಕೆ ಒಳಪಡಿಸಿದರೆ 64 ಅಕ್ಷರಾಂಕಗಳ ಒಂದು ಸಾಲು ಬರುತ್ತದೆ; ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ನಿರ್ಮಾಪಕರು ಪ್ರಕಟಿಸಿದ ಸಾಲಿಗೂ ನಮ್ಮ ಕಡತದ ಸಾಲಿಗೂ ತಾಳೆಯಾದರೆ ಕಡತ ಅದೇ. ನಾವು ಇಳಿಸಿಕೊಂಡಾಗ ಅರ್ಧಕ್ಕೆ ಕಡಿದುಹೋದ ಕಡತದಿಂದಲೂ ಪರೀಕ್ಷೆಗಳು ಸೋಲುವುದುಂಟಾದ್ದರಿಂದ ಈ ತಾಳೆನೋಟವನ್ನು ಬಿಡಬಾರದು.

ಮಾತು ಬಂದದ್ದರಿಂದ ಹೇಳುತ್ತೇವೆ: ತಾಳೆಯಾಯಿತೆಂದರೆ ನಿರ್ಮಾಪಕರು ಕೊಟ್ಟದ್ದು ನಮಗೆ ಹಾಗೆಯೇ ಸಿಕ್ಕಿತೆಂದು ಅರ್ಥವೇ ಹೊರತು, ಕೊಟ್ಟವರು ಒಳ್ಳೆಯವರೆಂದಲ್ಲ. ಎಕ್ಸ್‌ಜಡ್ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳದಾರಿಯೊಂದನ್ನು ಅಡಗಿಸಿಟ್ಟಿದ್ದರು. ಎಲ್ಲಿ ಅಡಗಿಸಿದ್ದರೆಂದರೆ, ಪರೀಕ್ಷೆಗೆಂದು ಇಟ್ಟ ಮಾದರಿ ಕಡತಗಳಲ್ಲಿ! ಬೇಕೆಂದೇ ಕೆಡಿಸಿಟ್ಟ ಕಡತಗಳೆಂದು ತೋರುವ ಅವುಗಳನ್ನು ಯಾರೂ ಬಿಚ್ಚಿ ನೋಡುವುದಿಲ್ಲವಲ್ಲ. ದೂರದ ಕಂಪ್ಯೂಟರಿಗೆ ಪ್ರವೇಶಿಸುವಾಗ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು 2024ರ ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಗಮನಿಸುವ ಕಣ್ಣು ಎಷ್ಟು ಜನರಿಗಿದ್ದೀತು?

ಅದಿರಲಿ, ನಮ್ಮ ಪ್ರಸಂಗಕ್ಕೆ ಮರಳೋಣ. ಕಡತ ಅದೇ, ಯಂತ್ರ ಅದೇ, ಕಂಪೈಲರ್ ಅದೇ ಎಂದ ಮೇಲೆ ಉಳಿದದ್ದು ಒಂದೇ: ತಾರೀಕು. ಆ ಮಾದರಿ ಸರ್ಟಿಫಿಕೇಟನ್ನು ಬಿಚ್ಚಿ ಓದಲು ಓಪನ್‌ಎಸ್‌ಎಸ್‌ಎಲ್‌ನಲ್ಲಿಯೇ ಆಜ್ಞೆಯಿದೆ. ಓದಿದಾಗ ಕಂಡದ್ದು ಇದು. ಕೊಟ್ಟ ಸಂಸ್ಥೆಯ ಊರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಎರ್ವ್ ವೆನ್. ಚಾಲ್ತಿಗೆ ಬಂದದ್ದು 2012ರ ಜೂನ್ 1. ಅವಧಿ ಮುಗಿಯುವುದು 2022ರ ಜೂನ್ 1, ಗ್ರೀನಿಚ್ ಕಾಲಮಾನದಂತೆ ನಡುರಾತ್ರಿ. ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆ ಗಂಟೆ. ಹತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಮಾದರಿಗೆಂದು ತಯಾರಿಸಿ, ‘ಹತ್ತು ವರ್ಷ ಧಾರಾಳವಾಯಿತು’ ಎಂದುಕೊಂಡು ಬಿಟ್ಟದ್ದು. ಅವಧಿ ಮೀರಿದ ಸರ್ಟಿಫಿಕೇಟನ್ನು ತಂತ್ರಾಂಶ ತಿರಸ್ಕರಿಸಿತು. ಅವಧಿ ಮುಗಿದ ಬಸ್ ಪಾಸನ್ನು ಕಂಡಕ್ಟರು ಹಿಂದಿರುಗಿಸಿದರೆ ಕಂಡಕ್ಟರಿನದು ತಪ್ಪೇ? ತಂತ್ರಾಂಶ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿತ್ತು. ಹಳಸಿದ್ದು ಪ್ರಶ್ನೆಪತ್ರಿಕೆ.

ಇಲ್ಲಿಗೆ ನಮ್ಮ ಊಹೆ ಸಿದ್ಧವಾಯಿತು. ಆದರೆ ಊಹೆ ರುಜುವಾತಲ್ಲ. ವಿಜ್ಞಾನದ ಪ್ರಯೋಗಗಳಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೆಯೇ ಇಡಬೇಕೆಂದು ಅಧ್ಯಾಪಕರು ಹೇಳುತ್ತಾರಲ್ಲ, ಇಲ್ಲಿಯೂ ಅದೇ ಕ್ರಮ. ‘ಫೇಕ್‌ಟೈಮ್’ ಎಂಬ ಒಂದು ಸಣ್ಣ ಸಲಕರಣೆಯಿದೆ. ಅದು ಯಂತ್ರದ ಗಡಿಯಾರವನ್ನು ಮುಟ್ಟುವುದಿಲ್ಲ. ನಾವು ಹೇಳಿದ ಒಂದು ಪ್ರೋಗ್ರಾಮಿಗೆ ಮಾತ್ರ ‘ಇಂದು ಮೇ ತಿಂಗಳ ಇಂಥ ದಿನ’ ಎಂದು ಸುಳ್ಳು ತಾರೀಕನ್ನು ತೋರಿಸುತ್ತದೆ. ಹಾಗೆ ತೋರಿಸಿ ಆ ಪರೀಕ್ಷೆಯನ್ನು ನಡೆಸಿದರೆ ಪಾಸ್. ಇಂದಿನ ತಾರೀಕಿನಲ್ಲಿ ನಡೆಸಿದರೆ ಫೇಲ್. ತಾರೀಕನ್ನಲ್ಲದೆ ಬೇರೇನನ್ನೂ ಬದಲಿಸಿಲ್ಲವಾದ್ದರಿಂದ ಕಾರಣ ತಾರೀಕೇ ಎಂಬುದರಲ್ಲಿ ಇನ್ನು ಸಂದೇಹವಿಲ್ಲ.

ಓಪನ್‌ಎಸ್‌ಎಸ್‌ಎಲ್‌ನ ನಿರ್ಮಾಪಕರು ಮಾದರಿ ಸರ್ಟಿಫಿಕೇಟುಗಳನ್ನು ಹೊಸದಾಗಿ ಮಾಡಿ ಮೂಲಬರಹಕ್ಕೆ ಸೇರಿಸಿದರು. 2022ರ ಜೂನ್ 21ರಂದು ಬಂದ 1.1.1-ಪಿ ಮತ್ತು 3.0.4 ಆವೃತ್ತಿಗಳಲ್ಲಿ ಅವು ಒಳಗೊಂಡಿವೆ. ಆದರೆ ಹಳೆಯ ಆವೃತ್ತಿಯನ್ನು, ಯಾವುದೋ ಹಳೆಯ ಯಂತ್ರಕ್ಕೆ ಬೇಕೆಂದು, ಇಂದು ಯಾರಾದರೂ ಕಟ್ಟಹೊರಟರೆ ಆ ಪರೀಕ್ಷೆ ಇಂದಿಗೂ ಸೋಲುತ್ತದೆ. ಕಟ್ಟುವ ಕಸುಬಿನವರು ಇಂಥವನ್ನು ‘ಟೈಮ್ ಬಾಂಬ್’ ಎಂದು ಕರೆಯುತ್ತಾರೆ.

ಈಗ ಕೆಲವು ಓದುಗರಿಗೆ ಒಂದು ಸಂದೇಹ ಬರಬಹುದು. ತಂತ್ರಾಂಶ ಸರಿಯಾಗಿಯೇ ಇತ್ತಲ್ಲ, ಹಾಗಾದರೆ ಪರೀಕ್ಷೆಯನ್ನು ಬಿಟ್ಟುಬಿಟ್ಟು ನೇರವಾಗಿ ಸ್ಥಾಪಿಸಿಕೊಂಡಿದ್ದರೆ ಏನಾಗುತ್ತಿತ್ತು? ಈ ಒಂದು ಸಲ ಏನೂ ಆಗುತ್ತಿರಲಿಲ್ಲ. ಆದರೆ ಏನೂ ಆಗುವುದಿಲ್ಲ ಎಂಬುದು ಹುಡುಕಿ ನೋಡಿದ ಮೇಲೆ ಗೊತ್ತಾದ ಸಂಗತಿ. ಹುಡುಕದೆ ಗೊಣಗಾಟವನ್ನು ಮಾತ್ರ ನಿಲ್ಲಿಸಿದರೆ ಏನಾಗಬಹುದು ಎಂಬುದಕ್ಕೆ ಇದೇ ಓಪನ್‌ಎಸ್‌ಎಸ್‌ಎಲ್‌ಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಡೆಬಿಯನ್ ಎಂಬುದು ಲಿನಕ್ಸಿನ ಹೆಸರಾಂತ ಕೂಟ. ಅಲ್ಲಿ 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನು ಕಟ್ಟಿ ಹಂಚುವವರಿಗೆ ಒಂದು ಕಿರಿಕಿರಿಯಿತ್ತು. ಪ್ರೋಗ್ರಾಮುಗಳು ಮೆಮೊರಿಯನ್ನು ಸರಿಯಾಗಿ ಬಳಸುತ್ತಿವೆಯೇ ಎಂದು ತನಿಖೆ ಮಾಡುವ ವಾಲ್‌ಗ್ರಿಂಡ್ ಎಂಬ ಸಲಕರಣೆ, ‘ಏನನ್ನೂ ಬರೆಯದ ಜಾಗವನ್ನು ಓದುತ್ತಿದ್ದೀರಿ’ ಎಂದು ಮತ್ತೆ ಮತ್ತೆ ದೂರುತ್ತಿತ್ತು. ದೂರು ಬೆರಳು ಮಾಡಿದ್ದು ಒಂದೇ ತೆರನಾದ ಎರಡು ಸಾಲುಗಳತ್ತ. ತೆಗೆಯಬಹುದೇ ಎಂದು ಅವರು ಮೊದಲೇ ವಿಚಾರಿಸಿಯೂ ಇದ್ದರು. ಬಂದ ಉತ್ತರ ಒಪ್ಪಿಗೆಯಂತೆಯೇ ಕಾಣುವಂತಿತ್ತು. ಸೆಪ್ಟೆಂಬರ್ ತಿಂಗಳಲ್ಲಿ ಎರಡು ಸಾಲುಗಳೂ ಹೋದವು. ದೂರು ನಿಂತಿತು. ಎಲ್ಲರೂ ನಿರಾಳ.

ಅವುಗಳಲ್ಲಿ ಒಂದು ಸಾಲು ಹೋದರೆ ನಷ್ಟವೇನೂ ಇರಲಿಲ್ಲ. ಇನ್ನೊಂದು ಮಾತ್ರ ಬಾವಿಗೆ ನೀರು ಬರುವ ಒರತೆಯಂತಿತ್ತು. ಗೂಢಲಿಪಿಯ ಕೀಲಿಯನ್ನು ಯಾರೂ ಊಹಿಸದಂತೆ ಮಾಡಲು ಯಾದೃಚ್ಛಿಕ ಸಂಖ್ಯೆಗಳು, ಅಂದರೆ ಕವಡೆ ಎಸೆದಾಗ ಬೀಳುವಂಥ ಲೆಕ್ಕವಿಲ್ಲದ ಸಂಖ್ಯೆಗಳು ಬೇಕು. ಆ ಯಾದೃಚ್ಛಿಕತೆ ಒಳಗೆ ಬರುತ್ತಿದ್ದುದು ಆ ಸಾಲಿನ ಮೂಲಕ. ಅದು ಹೋದ ಮೇಲೆ ಉಳಿದದ್ದು ಪ್ರೋಗ್ರಾಮಿಗೆ ಯಂತ್ರ ಕೊಡುವ ಕ್ರಮಸಂಖ್ಯೆ ಒಂದೇ; ಅದರಲ್ಲಿ ಇರಬಹುದಾದ ಭೇದಗಳು ಸುಮಾರು 32,768. ಎಣಿಸಲಾರದಷ್ಟು ಬಗೆಯ ಕೀಲಿಗಳು ಇರಬೇಕಾದಲ್ಲಿ, ಒಂದೊಂದು ಅಳತೆಗೆ ಮೂವತ್ತೆರಡು ಸಾವಿರ ಚಿಲ್ಲರೆ ಕೀಲಿಗಳು! ಒಬ್ಬ ಕಳ್ಳನು ಕುಳಿತು ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡಬಹುದು. ಅರ್ಜೆಂಟೀನದ ಲೂಸಿಯಾನೋ ಬೆಲ್ಲೋ ಎಂಬವರು ಕಂಡುಹಿಡಿದು, 2008ರ ಮೇ 13ರಂದು ಜಗತ್ತಿಗೆ ತಿಳಿಸುವವರೆಗೆ, ಅಂದರೆ ಇಪ್ಪತ್ತು ತಿಂಗಳ ಕಾಲ ಅದು ಹಾಗೆಯೇ ಬಳಕೆಯಲ್ಲಿತ್ತು. ಡೆಬಿಯನ್ನಿನಿಂದ ಹುಟ್ಟಿದ ಉಬುಂಟುವಿಗೂ ಅದೇ ಗತಿ. ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇಕಾಯಿತು. ಸಾಲನ್ನು ತೆಗೆದವರನ್ನು ಹಳಿಯುವುದು ಸುಲಭ. ಅವರು ವಿಚಾರಿಸದೆ ಮಾಡಿದವರಲ್ಲ ಎಂಬುದನ್ನು ನಾವು ಮರೆಯಬಾರದು. ‘ಈ ಸಾಲು ಇಲ್ಲಿ ಏಕಿದೆ?’ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಸಾಲು ಹೋಯಿತು ಎನ್ನುವುದಷ್ಟೇ ನಮ್ಮ ಅಭಿಪ್ರಾಯ.

ಇನ್ನು ನಮ್ಮ ಕಂಪ್ಯೂಟರ್ ಕೋಣೆಯ ಅನುಭವ. ಜಗತ್ಪ್ರಸಿದ್ಧ ತಂತ್ರಾಂಶಗಳ ಮಾತಾದ ಮೇಲೆ ಇದನ್ನು ಹೇಳಲು ಸಂಕೋಚವಾಗುತ್ತದೆ. ಹಳೆಯ ಯಂತ್ರವೊಂದರಲ್ಲಿ ಒಂದು ಸಣ್ಣ ತಂತ್ರಾಂಶವನ್ನು ಮೂಲಬರಹದಿಂದ ಕಟ್ಟಲು ನಾವು ಕುಳಿತೆವು. ಮೇಕ್ ಎಷ್ಟು ಸಲ ಕೊಟ್ಟರೂ ಮಾಡಿದ್ದನ್ನೇ ಮತ್ತೆ ಮಾಡುತ್ತಿತ್ತು. ‘ಕಡತದ ತಾರೀಕು ಭವಿಷ್ಯದಲ್ಲಿದೆ, ಗಡಿಯಾರ ಓರೆಯಾಗಿದೆ’ ಎಂಬರ್ಥದ ಎಚ್ಚರಿಕೆ ಬೇರೆ. ಪರೀಕ್ಷೆಯಲ್ಲಿ ಮೂರು ಫೇಲ್. ಎರಡು ಸಂಜೆಗಳನ್ನು ಮೂಲಬರಹದಲ್ಲಿ ತಪ್ಪು ಹುಡುಕುತ್ತ ಕಳೆದೆವು. ಮೂರನೆಯ ಸಂಜೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪರದೆಯ ಮೂಲೆಯನ್ನು ತೋರಿಸಿ, “ಸರ್, ಇದರಲ್ಲಿ ನಾನು ಇನ್ನೂ ಹುಟ್ಟಿಯೇ ಇಲ್ಲ!” ಎಂದಳು. ಯಂತ್ರದೊಳಗಿನ ನಾಣ್ಯದಂಥ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗಲೆಲ್ಲ ತಾರೀಕು ಹಲವು ವರ್ಷ ಹಿಂದಕ್ಕೆ ಜಾರುತ್ತಿತ್ತು. ಮೇಕ್ ಕೆಲಸ ಮಾಡುವುದೇ ಕಡತಗಳ ತಾರೀಕನ್ನು ಹೋಲಿಸಿ: ಮೂಲಬರಹ ಹೊಸದು, ಕಟ್ಟಿದ್ದು ಹಳೆಯದು ಎಂದಾದರೆ ಮತ್ತೆ ಕಟ್ಟು ಎಂಬುದು ಅದರ ನಿಯಮ. ಮೂಲಬರಹದ ತಾರೀಕು ಸದಾ ‘ನಾಳೆ’ಯಾಗಿದ್ದರೆ ಪಾಪ, ಅದೇನು ಮಾಡೀತು? ಬ್ಯಾಟರಿ ಬದಲಿಸಿ, ತಾರೀಕು ಸರಿಮಾಡಿ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಿದಾಗ ಮೂರರಲ್ಲಿ ಎರಡು ಪಾಸಾದವು. ಮನೆಯ ಫೋನಿನಲ್ಲಿ ತಾರೀಕು ತಪ್ಪಿದಾಗ ಯಾವ ಜಾಲತಾಣವೂ ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬರುವುದನ್ನು ಕೆಲವರು ಕಂಡಿರಬಹುದು. ಅದೂ ಇದೇ ಕಾರಣಕ್ಕೆ. ಸರ್ಟಿಫಿಕೇಟು ಚಾಲ್ತಿಗೆ ಬರುವ ದಿನ ಆ ಫೋನಿನ ಲೆಕ್ಕದಲ್ಲಿ ಇನ್ನೂ ಬಂದಿಲ್ಲ.

ಉಳಿದ ಒಂದು ಫೇಲಿಗೆ ಕಾರಣ ನಾವೇ. ಅನುಮತಿಯ ತೊಡಕು ಬೇಡವೆಂದು ಯಂತ್ರದ ಸರ್ವಾಧಿಕಾರಿ, ಅಂದರೆ ‘ರೂಟ್’ ಹೆಸರಿನಲ್ಲಿ ಪರೀಕ್ಷೆ ನಡೆಸಿದ್ದೆವು. ಓದಲು ಅನುಮತಿಯಿಲ್ಲದ ಕಡತವನ್ನು ತೆರೆಯಲು ಹೋದರೆ ನಿರಾಕರಣೆ ಬರಬೇಕೆಂಬುದು ಆ ಪ್ರಶ್ನೆ. ರೂಟ್‌ಗೆ ಯಾವ ಬಾಗಿಲೂ ಮುಚ್ಚುವುದಿಲ್ಲ, ನಿರಾಕರಣೆ ಬರಲಿಲ್ಲ, ಫೇಲ್. ಸಾಮಾನ್ಯ ಬಳಕೆದಾರರಾಗಿ ನಡೆಸಿದೊಡನೆ ಪಾಸಾಯಿತು.

ಭಾಷೆಯ ಹೊಂದಿಕೆಯೂ ಪರೀಕ್ಷೆಗಳನ್ನು ಕೆಡಿಸುವುದುಂಟು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಅಕಾರಾದಿಯಾಗಿ ಜೋಡಿಸುವ ಕ್ರಮ ‘ಸಿ’ ಎಂಬ ಮೂಲ ಹೊಂದಿಕೆಯಲ್ಲಿ ಒಂದು ರೀತಿ, ಬೇರೆ ಹೊಂದಿಕೆಗಳಲ್ಲಿ ಇನ್ನೊಂದು ರೀತಿ. ದೋಷದ ಸಂದೇಶಗಳೂ ಬೇರೆ ಭಾಷೆಯಲ್ಲಿ ಬಂದಾವು. ಇಂಗ್ಲಿಷಿನ ಸಂದೇಶವನ್ನೇ ಎದುರುನೋಡುವ ಪರೀಕ್ಷೆ ಆಗ ಸೋಲುತ್ತದೆ. ಆದ್ದರಿಂದ ಕಂಪ್ಯೂಟರನ್ನು ಕನ್ನಡದಲ್ಲಿ ಬಳಸುವವರು, ಪರೀಕ್ಷೆ ನಡೆಸುವ ಹೊತ್ತಿಗೆ ಮಾತ್ರ ‘ಸಿ’ ಹೊಂದಿಕೆಯಲ್ಲಿ ಒಮ್ಮೆ ನಡೆಸಿ ನೋಡಬೇಕು. ಕನ್ನಡವನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಅಂಥ ಮಾತು ಈ ಶಾಲೆಯ ಸಂಚಿಕೆಯಲ್ಲಿ ಬರಲಾರದು.

ಇಷ್ಟಾದರೂ ಕಾರಣ ತಿಳಿಯದಿದ್ದರೆ ನಿರ್ಮಾಪಕರಿಗೆ ಬರೆಯುವುದೇ ದಾರಿ. ‘ನಿಮ್ಮ ತಂತ್ರಾಂಶ ಕೆಲಸ ಮಾಡುವುದಿಲ್ಲ’ ಎಂದು ಬರೆದರೆ, ‘ಹೊಟ್ಟೆ ಸರಿಯಿಲ್ಲ’ ಎಂದು ಡಾಕ್ಟರಿಗೆ ಕಾಗದ ಬರೆದಂತೆ. ಆವೃತ್ತಿಯ ಸಂಖ್ಯೆ, ಯಂತ್ರದ ಜಾತಿ, ಕಂಪೈಲರಿನ ಆವೃತ್ತಿ, ಕೊಟ್ಟ ಆಜ್ಞೆಗಳು ಇದ್ದಂತೆ, ಸೋತ ಪರೀಕ್ಷೆಯ ಪೂರ್ಣ ವರದಿ, ನಾವು ಬದಲಿಸಿ ನೋಡಿದ್ದೇನು, ಆಗ ಕಂಡದ್ದೇನು ಎಂಬಿಷ್ಟು ಇರಬೇಕು. ಬರೆಯುವ ಮೊದಲು, ಅದೇ ಸೋಲನ್ನು ಬೇರೆಯವರು ವರದಿ ಮಾಡಿದ್ದಾರೆಯೇ ಎಂದು ನೋಡುವುದು ಮರ್ಯಾದೆ. ಗೆರಾರ್ಡ್ ಬೀಕ್‌ಮನ್ಸ್ ಎಂಬವರು 1999ರಲ್ಲಿ ಆರಂಭಿಸಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಉಚಿತ ಪುಸ್ತಕವಿದೆ. ಇಡೀ ವ್ಯವಸ್ಥೆಯನ್ನು ಮೂಲಬರಹದಿಂದ ಕಟ್ಟುವ ಕ್ರಮವನ್ನು ಅದು ಕಲಿಸುತ್ತದೆ. ಯಾವ ತಂತ್ರಾಂಶದಲ್ಲಿ ಯಾವ ಪರೀಕ್ಷೆ ಸೋಲುವುದು ಗೊತ್ತಿರುವ ಸಂಗತಿ ಎಂಬುದನ್ನೂ ಅದರಲ್ಲಿ ಅಲ್ಲಲ್ಲಿ ಕೊಟ್ಟಿದ್ದಾರೆ. ಒಂಬತ್ತು, ಹತ್ತನೆಯ ತರಗತಿಯ ಆಸಕ್ತ ಮಕ್ಕಳು ರಜೆಯಲ್ಲಿ ಅದನ್ನು ತಿರುವಿ ಹಾಕಬಹುದು. ಇಂಗ್ಲಿಷ್ ಕಷ್ಟವೇನಲ್ಲ, ತಾಳ್ಮೆ ಬೇಕು.

ತಾರೀಕಿನ ವಿಷಯ ಇಲ್ಲಿಗೇ ಮುಗಿಯುವಂಥದಲ್ಲ. ಹಳೆಯ ಬಗೆಯ ಅನೇಕ ಯಂತ್ರಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಲೆಕ್ಕವಿಡುತ್ತವೆ. ಅವು 2,147,483,647ರ ಆಚೆಗೆ ಎಣಿಸಲಾರವು. ಆ ಸಂಖ್ಯೆ ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಹೊಸ ಯಂತ್ರಗಳಲ್ಲಿ ಎಣಿಕೆಯ ಮನೆಯನ್ನು ದೊಡ್ಡದು ಮಾಡಿದ್ದಾರೆ. ಹಳೆಯವು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿ ತೊಂದರೆಯುಂಟು. ಅದಕ್ಕಾಗಿ ಕೆಲವರು ಈಗಲೇ ಯಂತ್ರದ ತಾರೀಕನ್ನು ಆ ದಿನದ ಆಚೆಗೆ ಇಟ್ಟು, ತಂತ್ರಾಂಶಗಳನ್ನು ಕಟ್ಟಿ, ಯಾವ ಪರೀಕ್ಷೆ ಸೋಲುತ್ತದೆಂದು ನೋಡುತ್ತಿದ್ದಾರೆ. ಬರುವ ವರ್ಷ ನಮ್ಮ ಕಂಪ್ಯೂಟರ್ ಕೋಣೆಯ ಆ ಹಳೆಯ ಯಂತ್ರದಲ್ಲಿಯೂ ಅದನ್ನು ಮಾಡಿ ನೋಡಬೇಕೆಂದಿದ್ದೇವೆ. ಬ್ಯಾಟರಿ ಹೊಸದಿದೆ.